ನಂದಗಡದ ಆಲದ ಮರ

ಬೆಳಗಾವಿಯಿಂದ ತೆಂಕಣಕ್ಕೆ ಹೋಗುವ ದಾರಿಯು ಖಾನಾಪುರವನ್ನು ಮುಟ್ಟುತ್ತದೆ. ಆ ತಾಲ್ಲೂಕಿಗೆ ಸೇರಿದ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯೂ, ಅಲ್ಲಿಯೇ ಒಂದು ಆಲದ ಮರವೂ ಇವೆ. ಮಕ್ಕಳಿಲ್ಲದ ದಂಪತಿಗಳು ಆ ಮರಕ್ಕೆ ಪುಟ್ಟ ತೊಟ್ಟಿಲುಗಳನ್ನು ಹರಕೆಯಾಗಿ ಕಟ್ಟುತ್ತಾರೆ. 1831ನೆಯ ಇಸವಿಯಲ್ಲಿ ಕುಂಪಣಿ ಸರಕಾರವು ಗಲ್ಲಿಗೇರಿಸಿದ ಬಂಡಾಯಗಾರನೊಬ್ಬನು ಸಂತಾನವನ್ನು ಕೊಡತಕ್ಕ ದೈವವಾದುದು ಹೇಗೆ? ಇದನ್ನು ಮೂಢಭಕ್ತಿಯೆಂದು ಬದಿಗೆ ಸರಿಸುವುದು ವಿದ್ಯಾವಂತರ ರೂಢಿ. ನಾವು ಹಾಗೆ ಸರಿಸದೆ, ಮನೋವಿಶ್ಲೇಷಣ ಶಾಸ್ತ್ರದ ಒಂದು ಮಾತಿನ ಬೆಳಕಿನಲ್ಲಿ ಇದನ್ನು ಪರಿಶೀಲಿಸೋಣ.

ಪ್ರಾಚೀನ ರೋಮಿನ ಕುಲೀನರು ಗತಿಸಿದ ಹಿರಿಯರ ಮುಖವನ್ನು ಮೇಣದಲ್ಲಿ ಅಚ್ಚೊತ್ತಿ ಮನೆಯ ಮುಂಗಣದಲ್ಲಿ ಇಡುತ್ತಿದ್ದರಷ್ಟೆ. ಅದಕ್ಕೆ 'ಇಮಾಗೋ' ಎಂದು ಹೆಸರು. ಸ್ವಿಸ್ ಕವಿ ಸ್ಪಿಟ್ಟೆಲರನು 1906ರಲ್ಲಿ ಆ ಹೆಸರಿನ ಕಾದಂಬರಿಯನ್ನು ಬರೆದನು. ಯೂಂಗನು ಅದರಿಂದ ಪದವನ್ನು ಎತ್ತಿಕೊಂಡು 1911–12ರಲ್ಲಿ ಶಾಸ್ತ್ರಕ್ಕೆ ತಂದನು. 1912ರಲ್ಲಿ ಫ್ರಾಯ್ಡನ ಬಳಗವು ಹೊರಡಿಸಿದ ಪತ್ರಿಕೆಗೂ ಅದೇ ಹೆಸರು. ನಾವು ಅದನ್ನು 'ಅಂತರ್ಬಿಂಬ'ವೆನ್ನಬಹುದು. ಶಿಶುವಿನ ಬಯಕೆ, ಭಯ, ಆಸರೆ ಇವೆಲ್ಲ ಕೂಡಿ ತಂದೆತಾಯಿಗಳದೊಂದು ರೂಪವು ಸುಪ್ತಚಿತ್ತದಲ್ಲಿ ನಿಲ್ಲುತ್ತದೆ. ಅದು ತಂದೆಯ ಯಥಾವತ್ತಾದ ಚಿತ್ರವಲ್ಲ; ಸೌಮ್ಯನಾದ ತಂದೆಯ ಮಗನೂ ಒಳಗೆ ಉಗ್ರನಾದ ತಂದೆಯನ್ನು ಹೊತ್ತಿರಬಹುದು. ಮುಂದೆ ಗುರುವನ್ನಾಗಲಿ ದೊರೆಯನ್ನಾಗಲಿ ನಾವು ನೋಡುವುದು ಬಹುಮಟ್ಟಿಗೆ ಆ ರೂಪದ ಮೂಲಕವೇ.

ಇನ್ನು ಇತಿಹಾಸಕ್ಕೆ ಬರೋಣ. ಕಿತ್ತೂರಿನ ಶಿವಲಿಂಗರುದ್ರ ಸರ್ಜನಿಗೆ ಮಕ್ಕಳಿರಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಮರಣಕ್ಕೆ ಮುಂಚೆ ಅವನು ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡನು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಆ ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ಕಾಳಗಕ್ಕೆ ನಿಂತಳು. ಅಕ್ಟೋಬರ್ 23ರಂದು ಥ್ಯಾಕರೆಯು ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ರಾಣಿಯು ತೀರಿಕೊಂಡಳು. ಆಮೇಲೆ ದಂಡು ಕಟ್ಟಿದವನು ಸಂಗೊಳ್ಳಿಯ ವಾಲೀಕಾರ ರಾಯಣ್ಣ. ಅವನ ಹೊಲದ ಒಂದು ಪಾಲನ್ನು ಸರಕಾರವು ಕಿತ್ತುಕೊಂಡು, ಉಳಿದುದಕ್ಕೆ ಭಾರಿ ತೆರಿಗೆ ಹಾಕಿದ್ದಿತು. ಅವನ ಕಡೆಯವರು ಖಾನಾಪುರ ಸೀಮೆಯ ಬೀಡಿಯ ಕಚೇರಿಯನ್ನು ಸುಟ್ಟರು. ಆದರೆ ಅವನು ಕೇಳಿದ್ದು ತನ್ನ ಹೊಲವನ್ನಷ್ಟೇ ಅಲ್ಲ. ಶಿವಲಿಂಗಪ್ಪನಿಗೆ ಗಾದಿಯಾಗಬೇಕೆಂಬುದು ಆ ಬಂಡಾಯದ ಗುರಿ. 1830ರ ಏಪ್ರಿಲಿನಲ್ಲಿ ಮೋಸದಿಂದ ಅವನನ್ನು ಹಿಡಿದುಕೊಟ್ಟರು.

ಕಥೆಯ ಬೇರಿನಲ್ಲಿರುವುದು ಒಂದು ಬರಿದಾದ ತೊಟ್ಟಿಲು ಎಂಬುದನ್ನು ಶ್ರೋತೃಗಳು ಗಮನಿಸಬೇಕು. ಔರಸನಿಲ್ಲದ ಮನೆ, ಪರರಾಜ್ಯವು ಅಲ್ಲಗಳೆದ ಮಗ, ಆ ಮಗನಿಗಾಗಿ ಪ್ರಾಣಕೊಟ್ಟ ಸೇವಕ. ಸಂತಾನವಿಲ್ಲದವರು ಬೇರೆ ಯಾವ ವೀರನನ್ನೂ ಅಲ್ಲ, ಇವನನ್ನೇ ಅರಸಿ ಬರುವುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಲಾವಣಿಗಾರರು ಅವನ ಕಥೆಯನ್ನು ಊರೂರಿಗೆ ಒಯ್ದರು. 1880ರ ದಶಕದಲ್ಲಿ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಅಂಥ ಲಾವಣಿಯೊಂದನ್ನು ಅಚ್ಚು ಮಾಡಿಸಿದನು. ಕೇಳಿದವರ ಚಿತ್ತದಲ್ಲಿ ವಾಲೀಕಾರನು ಕಾಯುವ ಹಿರಿಯಣ್ಣನಾದನು, ಕೊನೆಗೆ ತಂದೆಯೇ ಆದನು. ಇದು ನಮ್ಮ ಊಹೆ. ರೋಗಿಯೊಬ್ಬನ ಮನಸ್ಸಿಗಾಗಿ ಹುಟ್ಟಿದ ಶಾಸ್ತ್ರವನ್ನು ಒಂದು ನಾಡಿಗೇ ಹಚ್ಚುವಾಗ ಇದಕ್ಕಿಂತ ಗಟ್ಟಿಯಾಗಿ ಹೇಳುವುದು ಉಚಿತವಲ್ಲ.

ಅಂತರ್ಬಿಂಬಕ್ಕೆ ಕಾವೂ ಉಂಟು. 2020ರ ಆಗಸ್ಟಿನಲ್ಲಿ ಬೆಳಗಾವಿಯ ಅಂಚಿನ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆಯ ವಿಷಯವಾಗಿ ಕನ್ನಡಿಗರಿಗೂ ಶಿವಾಜಿಯ ಅಭಿಮಾನಿಗಳಿಗೂ ದೊಡ್ಡ ಜಗಳವಾಯಿತು. ಎರಡು ಪಕ್ಷಗಳಿಗೂ ತಮ್ಮ ಹಿರಿಯನಿಗೇ ಅವಮಾನವಾದಂತೆ ತೋರಿತು. ಕಲ್ಲಿಗಾಗಿ, ಚೌಕದ ಹೆಸರಿಗಾಗಿ ಜನರು ಹಾಗೆ ಕುದಿಯುವುದಿಲ್ಲ. ಕಡೆಗೆ ಚೌಕಕ್ಕೆ ಶಿವಾಜಿಯ ಹೆಸರು, ಪ್ರತಿಮೆ ರಾಯಣ್ಣನದು ಎಂದು ಒಪ್ಪಂದವಾಯಿತು. ತೊಟ್ಟಿಲು ಕಟ್ಟಲೆಂದು ಬೆಳಗಾವಿಯಿಂದ ನಂದಗಡಕ್ಕೆ ಹೊರಟವರು ಹಾಯುವ ಖಾನಾಪುರದ ರಸ್ತೆಯಲ್ಲಿಯೇ ಆ ಪೀರನವಾಡಿಯಿರುವುದು.