ಪೈಲ್ವಾನರ ನೆನಪಿನಲ್ಲಿ ಮೈಕಿನ ಮಾತು: ಸಂಗೊಳ್ಳಿ ಸೀಮೆಯ ಕುಸ್ತಿಪಟುಗಳ ಸಂದರ್ಶನವನ್ನು ಕುರಿತು

ಭಾರತದ ಕುಸ್ತಿಯ ಬಗ್ಗೆ ಯಾರೇ ಬರೆಯಲಿ, ಜೋಸೆಫ್ ಆಲ್ಟರ್ ಅವರ ‘ದ ರೆಸ್ಲರ್ಸ್ ಬಾಡಿ’ (1992) ಗ್ರಂಥವನ್ನು ದಾಟಿಯೇ ಮುಂದೆ ಹೋಗಬೇಕು. ಬನಾರಸಿನ ಅಖಾಡಗಳಲ್ಲಿ ಕೂತು, ಮಣ್ಣು ಮುಟ್ಟಿ, ಪೈಲ್ವಾನರ ಜೊತೆ ಮಾತಾಡಿ ಬರೆದ ಪುಸ್ತಕ ಅದು. ಪೈಲ್ವಾನನ ವ್ಯಕ್ತಿತ್ವ ರೂಪುಗೊಳ್ಳುವುದು ಅಖಾಡದ ನಿತ್ಯ ಶಿಸ್ತಿನಲ್ಲಿ, ಅಂದರೆ ವ್ಯಾಯಾಮ, ಆಹಾರ, ಬ್ರಹ್ಮಚರ್ಯ, ಗುರುಸೇವೆಗಳಲ್ಲಿ ಎಂಬುದು ಅವರ ಮುಖ್ಯ ಪ್ರತಿಪಾದನೆ. ಇದನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಇರುವುದು ಒಂದೇ ಕಡೆ. ಪೈಲ್ವಾನ ತನ್ನ ವೃತ್ತಿಬದುಕನ್ನು ಹೇಳಿಕೊಳ್ಳಲು ಕೂತಾಗ ಆ ಮಾತು ಎಲ್ಲಿಂದ ಬರುತ್ತದೆ? ಆಲ್ಟರ್ ಅವರ ಜಾಡು ಹಿಡಿದರೆ ತಾಲೀಮಿನಿಂದ ಎನ್ನಬೇಕಾಗುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ನಾನು ಕೇಳಿಸಿಕೊಂಡದ್ದು ಬೇರೆ ಮೂಲವನ್ನು ತೋರಿಸುತ್ತದೆ. ಅದು ಮೈದಾನದ ಮೈಕು, ಅಂದರೆ ಕುಸ್ತಿ ನಡೆಯುವಾಗಲೇ ಧ್ವನಿವರ್ಧಕದಲ್ಲಿ ಕೇಳಿಬರುವ ವಿವರಣೆ.

ಎಲ್ಲರೂ ಒಪ್ಪುವ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಕನ್ನಡ ನಾಡಿನಲ್ಲಿ ಕುಸ್ತಿ ಹೊಟ್ಟೆಪಾಡಿನ ವೃತ್ತಿಯೂ ಆಗಿತ್ತು ಎನ್ನಲು ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ವೇ ಸಾಕ್ಷಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಈ ಕೃತಿಯ ‘ಮಲ್ಲವಿನೋದ’ದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿದೆ, ಅವರಿಗೆ ಕೊಡಬೇಕಾದ ಆಹಾರವನ್ನೂ ಹೇಳಿದೆ. ಮುಂದೆ ಕೊಲ್ಹಾಪುರದ ಶಾಹೂ ಮಹಾರಾಜರ ಆಶ್ರಯ, 1912ರ ಖಾಸಬಾಗ್ ಮೈದಾನ ಈ ಭಾಗದ ಪೈಲ್ವಾನರನ್ನು ಪಶ್ಚಿಮಕ್ಕೆ ಸೆಳೆದವು. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ, ಹೆಸರು ಗಳಿಸಿದ್ದು ಕೊಲ್ಹಾಪುರದ ಪೈಲ್ವಾನರಾಗಿ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಪೈಲ್ವಾನನಿಗೆ ಊರಿನ ಹೆಸರು ಅಂಟುವ ಬಗೆ ನನ್ನ ವಾದಕ್ಕೆ ಮುಂದೆ ಬೇಕಾಗುತ್ತದೆ.

ಆಟಗಾರರ ಬದುಕನ್ನು ಅವರ ಬಾಯಿಂದಲೇ ಕೇಳಿ ಬರೆಯುವ ಕೆಲಸಕ್ಕೆ ಲಾರೆನ್ಸ್ ರಿಟ್ಟರ್ ಅವರ ‘ದ ಗ್ಲೋರಿ ಆಫ್ ದೇರ್ ಟೈಮ್ಸ್’ (1966) ಇಂದಿಗೂ ಮಾದರಿ. ಅಮೆರಿಕದ ಹಳೆಯ ಬೇಸ್‌ಬಾಲ್ ಆಟಗಾರರನ್ನು ಹುಡುಕಿಕೊಂಡು ಹೋಗಿ ಧ್ವನಿಮುದ್ರಿಸಿಕೊಂಡ ರಿಟ್ಟರ್, ಅಚ್ಚು ಹಾಕಿಸುವಾಗ ತಮ್ಮ ಪ್ರಶ್ನೆಗಳನ್ನು ತೆಗೆದುಹಾಕಿದರು. ಓದಲು ಸೊಗಸಾಯಿತು. ಆದರೆ ಆಟಗಾರ ತಾನಾಗಿ ಹೇಳಿದ್ದು ಯಾವುದು, ಕೇಳಿದ್ದಕ್ಕೆ ಹೇಳಿದ್ದು ಯಾವುದು ಎಂಬ ಗೆರೆ ಅಳಿಸಿಹೋಯಿತು. ಇಟಲಿಯ ಮೌಖಿಕ ಇತಿಹಾಸಕಾರ ಅಲೆಸಾಂದ್ರೊ ಪೋರ್ತೆಲ್ಲಿ ಕಲಿಸಿದ ಪಾಠ ಇನ್ನೊಂದು. ತೆರ್ನಿ ಪಟ್ಟಣದ ಕಾರ್ಮಿಕ ಲುಯಿಜಿ ತ್ರಾಸ್ತುಲ್ಲಿ ಸತ್ತದ್ದು 1949ರಲ್ಲಿ. ಊರಿನ ಬಹಳ ಜನ ಅದನ್ನು 1953ರ ಕಾರ್ಮಿಕರ ವಜಾ ವಿರೋಧಿ ಹೋರಾಟಕ್ಕೆ ಸೇರಿಸಿ ಹೇಳುತ್ತಿದ್ದರು. ನೆನಪು ತಪ್ಪುವ ರೀತಿಯೂ ಒಂದು ಆಧಾರ ಎಂದು ಪೋರ್ತೆಲ್ಲಿ ತೋರಿಸಿಕೊಟ್ಟರು. ನಾನು ಕೆಳಗೆ ಮಾಡುವುದು ಅದೇ ಬಗೆಯ ಕೆಲಸ. ತಪ್ಪಿದ ಇಸವಿಯ ಜಾಗದಲ್ಲಿ ನನಗೆ ಸಿಕ್ಕಿದ್ದು ತಪ್ಪಿದ ಸರ್ವನಾಮ.

ಸಂಗೊಳ್ಳಿಯ ಮಗ್ಗುಲಿನ ಸಣ್ಣ ಹಳ್ಳಿಯೊಂದರ ಹಿರಿಯ ಪೈಲ್ವಾನರ ಮನೆಗೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿ ಅಚ್ಚುಕಟ್ಟಾದ ಪ್ರಶ್ನಾವಳಿ ಇತ್ತು. ಹುಟ್ಟಿದ ತಾರೀಖು, ಮೊದಲ ಕುಸ್ತಿಯ ವರ್ಷ, ಒಟ್ಟು ಗೆಲುವು, ಒಟ್ಟು ಸೋಲು. ಅಜ್ಜ ನಾಲ್ಕನೆಯ ಪ್ರಶ್ನೆಗೇ ಬೇಸತ್ತರು. “ಇಸವಿ ಗಿಸವಿ ನನಗ ಗೊತ್ತಿಲ್ರಿ ಸರ. ಎಲ್ಲಮ್ಮನ ಜಾತ್ರಿ ಮುಗದಿತ್ತು, ಜ್ವಾಳದ ರಾಶಿ ನಡದಿತ್ತು, ಅಷ್ಟ ನೆನಪೈತಿ” ಎಂದು ಎದ್ದುಹೋಗಿ ಒಳಗಿನಿಂದ ತಗಡಿನ ಟ್ರಂಕು ತಂದರು. ಅದರಲ್ಲಿ ಮಡಿಕೆ ಬಿದ್ದಲ್ಲೆಲ್ಲ ಹರಿದ ಹಸ್ತಪತ್ರಿಕೆಗಳು, ಗುಲಾಬಿ ಮತ್ತು ಹಳದಿ ಕಾಗದದವು. ‘ಜಂಗೀ ನಿಕಾಲಿ ಕುಸ್ತಿಗಳು’ ಎಂಬ ತಲೆಬರಹ, ಕೆಳಗೆ ಜೋಡಿಗಳ ಪಟ್ಟಿ, ಎಡಕ್ಕೊಬ್ಬ ಬಲಕ್ಕೊಬ್ಬ, ಪ್ರತಿ ಹೆಸರಿನ ಮುಂದೆ ಒಂದು ಊರು. ಜಾತ್ರೆಯ ತಿಥಿ ಇತ್ತು, ಇಸವಿ ಕೆಲವದರಲ್ಲಿ ಮಾತ್ರ ಇತ್ತು. ನಾನು ಪ್ರಶ್ನಾವಳಿಯನ್ನು ಚೀಲಕ್ಕೆ ಹಾಕಿ, ಒಂದು ಹಾಳೆಯ ಮೇಲೆ ಬೆರಳಿಟ್ಟು “ಅಜ್ಜಾರ, ಈ ಜೋಡಿ ಏನಾತು?” ಎಂದೆ. ಆಗ ಮಾತು ಹೊರಟಿತು.

ಧ್ವನಿಮುದ್ರಣದಿಂದ ಇಳಿಸಿಕೊಂಡ ಭಾಗ ಹೀಗಿದೆ: “ನಾ ಕಣಕ್ಕ ಇಳದೆ. ಮಣ್ಣ ಮೈಗೆ ಹಚಿಗೊಂಡೆ. ವಸ್ತಾದ್ರ ಕಾಲ ಬಿದ್ದೆ. ಕೈಗೆ ಕೈ ಕೂಡಿತು. ಸಂಗೊಳ್ಳಿ ಪೈಲ್ವಾನ ಒಳಗ ಹೊಕ್ಕಾನ, ಕಾಲ ಹಿಡದಾನ, ಬಿಡವಲ್ಲ. ಹತ್ತ ನಿಮಿಷ ಆತು. ಗೌಡ್ರ ಕಡಿಂದ ಐವತ್ತ ರೂಪಾಯಿ ಹೆಚ್ಚಿನ ಇನಾಮ. ಸಂಗೊಳ್ಳಿ ಪೈಲ್ವಾನ ಮ್ಯಾಲ ಬಂದಾನ. ಚಿತ್! ಆಮ್ಯಾಲ ನನ್ನ ಹೆಗಲ ಮ್ಯಾಲ ಹೊತಗೊಂಡ ಹೋದ್ರರಿ.”

‘ನಾ’ ಎಂದು ಶುರುವಾದ ಮಾತು ಕೈ ಕೂಡಿದ ಕ್ಷಣದಿಂದ ‘ಸಂಗೊಳ್ಳಿ ಪೈಲ್ವಾನ’ನ ಮಾತಾಗುತ್ತದೆ. ಎದುರಾಳಿ ಚಿತ್ ಆದೊಡನೆ ಮತ್ತೆ ‘ನನ್ನ’ ಬರುತ್ತದೆ. ಮಾತಾಡುತ್ತಿರುವವರು ಸಂಗೊಳ್ಳಿಯವರಲ್ಲ ಎಂಬುದನ್ನೂ ಗಮನಿಸಬೇಕು. ಉಳಿದ ಎರಡು ತಾಸಿನ ಮಾತಿನಲ್ಲಿ ಅವರು ತಮ್ಮ ಊರನ್ನು ಅದರ ಹೆಸರಿನಿಂದಲೇ ಕರೆದರು, ಸಂಗೊಳ್ಳಿಗೆ ‘ಹೋಗುವುದು’, ಅಲ್ಲಿಂದ ‘ಬರುವುದು’ ಎಂದರು. ಕುಸ್ತಿಯ ಒಳಗೆ ಮಾತ್ರ ಅವರು ಸಂಗೊಳ್ಳಿಯವರಾಗುತ್ತಾರೆ. ಸಣ್ಣ ಹಳ್ಳಿಯ ಹೆಸರು ದೂರದ ಜಾತ್ರೆಯ ಜನಕ್ಕೆ ತಿಳಿಯದು. ಸಂಗೊಳ್ಳಿ ರಾಯಣ್ಣನ ಊರು ಎಂದರೆ ಮೈದಾನವೇ ಸಿಳ್ಳೆ ಹಾಕುತ್ತದೆ. ಹಾಗೆ ಕರೆಯುವವರು ಮೈಕಿನವರು.

ನನ್ನ ಊಹೆ ಇಷ್ಟು: ಪೈಲ್ವಾನರು ಸಂದರ್ಶನದಲ್ಲಿ ಕುಸ್ತಿಯನ್ನು ಬಣ್ಣಿಸುವ ಮಾತು ಬಹುಮಟ್ಟಿಗೆ ಅವರು ಕಣದಲ್ಲಿ ಕೇಳಿಸಿಕೊಂಡ ವಿವರಣೆಯ ಮಾತು. ಇದನ್ನು ಎಲ್ಲ ಪೈಲ್ವಾನರಿಗೂ ಅನ್ವಯಿಸುವ ಧೈರ್ಯ ನನಗಿಲ್ಲ. ಈ ಭಾಗದ ಎಲ್ಲ ಪೈಲ್ವಾನರಿಗೂ ಅನ್ವಯಿಸಲಾರೆ. ಇಡೀ ವೃತ್ತಿಬದುಕಿನ ಕಥನಕ್ಕೂ ಇದು ಹೊಂದದು. ಖುರಾಕು, ವಸ್ತಾದ, ತಾಲೀಮು ಮುಂತಾದವನ್ನು ಹೇಳುವಾಗ ಅಜ್ಜ ‘ನಾ’ ಬಿಟ್ಟು ಕದಲಲಿಲ್ಲ. ಅಲ್ಲಿ ಆಲ್ಟರ್ ಹೇಳಿದ್ದೇ ಸರಿ. ಕೈ ಕೂಡಿದಲ್ಲಿಂದ ಚಿತ್ ಆಗುವವರೆಗಿನ ಕೆಲವು ನಿಮಿಷಗಳಿಗಷ್ಟೇ ನನ್ನ ವಾದ ಸೀಮಿತ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಲಾವಣಿಯದು. ಇದು ಲಾವಣಿಯ ಸೀಮೆ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರು 1880ರ ದಶಕದಲ್ಲೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ್ದರು. ಇಲ್ಲಿ ಹುಟ್ಟಿದ ಗಂಡಸು ಸಾಹಸವನ್ನು ಹೇಳುವಾಗ ಪ್ರಥಮ ಪುರುಷಕ್ಕೆ ಜಾರುವುದು ಲಾವಣಿಯಿಂದ ಬಂದ ರೂಢಿ ಏಕಾಗಿರಬಾರದು? ನಾನೇ ಮೊದಲು ಹಾಗೆ ತಿಳಿದಿದ್ದೆ. ಆದರೆ ಲಾವಣಿಯಲ್ಲಿ ಗಡಿಯಾರ ಇರುವುದಿಲ್ಲ. ‘ಹತ್ತ ನಿಮಿಷ ಆತು’ ಎಂಬ ಮಾತು ಹಾಡಿನ ಮಾತಲ್ಲ. ಹೋರಾಟದ ನಡುವೆ ಯಾರೋ ಕೂಗಿದ ಐವತ್ತು ರೂಪಾಯಿಯ ಇನಾಮು ಕೂಡ ಲಾವಣಿಗೆ ಬೇಕಾದ ವಿವರವಲ್ಲ. ಇವೆರಡೂ ಮೈಕಿನಲ್ಲಿ ಮಾತ್ರ ಕೇಳುವಂಥವು. ಹಾಗಿದ್ದೂ ಲಾವಣಿಯನ್ನು ಪೂರ್ತಿ ತಳ್ಳಿಹಾಕಲಾಗದು. ಮೈದಾನದ ಮೈಕು ಹಿಡಿದವರೂ ಇದೇ ನೆಲದವರು, ಅವರ ಏರುದನಿಯಲ್ಲಿ ಲಾವಣಿಯ ಲಯ ಇದ್ದೇ ಇರುತ್ತದೆ. ಲಾವಣಿ ಪೈಲ್ವಾನರನ್ನು ಮೈಕಿನ ಮೂಲಕ ಮುಟ್ಟಿದೆ ಎಂದರೆ ಹೆಚ್ಚು ಸರಿಯಾದೀತು.

ಇನ್ನೊಂದು ವಿವರಣೆ ಸಂಕೋಚದ್ದು. ತನ್ನ ಬಾಯಿಂದ ತನ್ನನ್ನು ಹೊಗಳಿಕೊಳ್ಳಬಾರದೆಂದು ಹಿರಿಯರು ಬೇರೆಯವರಂತೆ ಮಾತಾಡುತ್ತಾರೆ ಎನ್ನಬಹುದು. ಹಾಗಿದ್ದರೆ ಹೆಗಲ ಮೇಲೆ ಹೊತ್ತದ್ದನ್ನೂ ಹಾಗೆಯೇ ಹೇಳಬೇಕಿತ್ತು. ಹೊಗಳಿಕೆ ಅಲ್ಲೇ ಹೆಚ್ಚು. ಅಲ್ಲಿ ಅವರು ‘ನನ್ನ’ ಎಂದರು. ಊರಿನ ಹೆಸರು ಹಸ್ತಪತ್ರಿಕೆಯಿಂದ ಬಂದಿರಬಹುದು ಎಂಬ ಆಕ್ಷೇಪಕ್ಕೆ ತೂಕವಿದೆ, ಏಕೆಂದರೆ ಅಲ್ಲಿಯೂ ‘ಸಂಗೊಳ್ಳಿ’ ಎಂದೇ ಅಚ್ಚಾಗಿತ್ತು. ಆದರೆ ಹಸ್ತಪತ್ರಿಕೆ ಕುಸ್ತಿಗೆ ಮುಂಚಿನದು. ಹತ್ತನೆಯ ನಿಮಿಷ ಅದಕ್ಕೆ ಗೊತ್ತಿರಲಾರದು.

ನನ್ನನ್ನು ಹೆಚ್ಚು ಒಪ್ಪಿಸಿದ್ದು ಕುಸ್ತಿಯ ಒಳಗಿನ ಒಂದು ಸರಳ ಸಂಗತಿ. ಕೆಳಗೆ ಬಿದ್ದ ಪೈಲ್ವಾನನ ಮುಖ ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿದ ಕೆಂಪು ಮಣ್ಣಿನಲ್ಲಿ ಹೂತಿರುತ್ತದೆ. ಮೇಲಿದ್ದವನ ಕಣ್ಣು ಎದುರಾಳಿಯ ಬೆನ್ನಿನ ಮೇಲೆ. ಇಬ್ಬರಿಗೂ ಒಟ್ಟು ಆಟ ಕಾಣುವುದಿಲ್ಲ. ಎಷ್ಟು ಹೊತ್ತಾಯಿತು, ಭುಜ ನೆಲಕ್ಕೆ ಎಷ್ಟು ಹತ್ತಿರ, ಜನ ಯಾರ ಕಡೆ, ಇವೆಲ್ಲ ತಿಳಿಯುವುದು ಕಿವಿಯಿಂದ. ಹಲಗಿಯ ಬಡಿತ ಏರಿದರೆ ಏನೋ ನಡೆಯುತ್ತಿದೆ ಎಂದರ್ಥ, ಏನು ನಡೆಯುತ್ತಿದೆ ಎಂದು ಹೇಳುವುದು ಮೈಕು. ಗಂಟೆ ಕಳೆದ ಮೇಲೆ, ವರ್ಷಗಳು ಕಳೆದ ಮೇಲೆ, ಆ ಕುಸ್ತಿಯನ್ನು ನೆನೆಯಲು ಹೊರಟರೆ ಮೈಗೆ ನೆನಪಿರುವುದು ಹಿಡಿತ ಮತ್ತು ಉಸಿರು. ಕಥೆಯಾಗಿ ಉಳಿದಿರುವುದು ಕಿವಿಗೆ ಬಿದ್ದದ್ದು.

ಬೇರೆ ಆಟಗಳ ಜೊತೆ ಹೋಲಿಸಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಗದಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರುಗಳಲ್ಲಿ 6 ಮೇಡನ್ ಎಸೆದು, 6 ರನ್ ಕೊಟ್ಟು 5 ವಿಕೆಟ್ ಪಡೆದರು. ಅದು ಸ್ಕೋರುಪಟ್ಟಿಯಲ್ಲಿದೆ. ಜೋಶಿಯವರ ಸಂದರ್ಶನಕಾರ ‘ಏನಾಯಿತು’ ಎಂದು ಕೇಳಬೇಕಿಲ್ಲ, ‘ಹೇಗೆ ಮಾಡಿದಿರಿ’ ಎಂದು ಕೇಳಿದರೆ ಸಾಕು. ಮ್ಯಾಟಿನ ಮೇಲೆ ಆಡುವ ಈಗಿನ ಕುಸ್ತಿಪಟುಗಳಿಗೆ ಮೂರು ಮೂರು ನಿಮಿಷಗಳ ಎರಡು ಸುತ್ತು, ಎದುರಿಗೆ ಅಂಕಫಲಕ. ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿಯ ಬಗೆಯಲ್ಲಿ ಕಂಚು ಗೆದ್ದಾಗಲೂ ಪ್ರತಿ ಪಂದ್ಯದ ಲೆಕ್ಕ ಎಲ್ಲರ ಕಣ್ಣೆದುರು ಇತ್ತು. ಮಣ್ಣಿನ ಕುಸ್ತಿಗೆ ಸ್ಕೋರುಪಟ್ಟಿ ಇಲ್ಲ. ಅಲ್ಲಿ ಆಟವನ್ನು ಬರೆದಿಟ್ಟುಕೊಂಡದ್ದು ಮೈಕಿನ ಮಾತು, ಅದನ್ನು ಕಾಪಾಡಿಕೊಂಡು ಬಂದದ್ದು ಪೈಲ್ವಾನನ ಬಾಯಿ.

ಸಂದರ್ಶನ ಮಾಡುವವರು ಎಚ್ಚರವಾಗಿರಬೇಕಾದ ಇನ್ನೊಂದು ಸಂಗತಿಯಿದೆ. ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ. ಅರ್ಜಿ ಹಾಕಿದವರು ತಮ್ಮ ವೃತ್ತಿಬದುಕನ್ನು ಪ್ರಮಾಣಪತ್ರಗಳ ಭಾಷೆಯಲ್ಲಿ ಹೇಳಲು ಕಲಿತಿರುತ್ತಾರೆ. ಹೊಸಬರೊಬ್ಬರು ಪೆನ್ನು ಹಿಡಿದು ಕೂತರೆ ಆ ಹೇಳಿಕೆಯೇ ಮೊದಲು ಹೊರಬರುತ್ತದೆ: ಯಾವ ಸ್ಪರ್ಧೆ, ಯಾವ ಮಟ್ಟ, ಎಷ್ಟನೆಯ ಸ್ಥಾನ. ಜಾತ್ರೆಯ ಕುಸ್ತಿಗಳು, ಅಂದರೆ ಆ ಬದುಕಿನ ಬಹುಪಾಲು, ಹೊರಗೇ ಉಳಿಯುತ್ತವೆ. ನನ್ನ ಪ್ರಶ್ನಾವಳಿ ಅಜ್ಜನಿಗೆ ಕಚೇರಿಯ ಅರ್ಜಿಯಂತೆ ಕಂಡಿದ್ದರೆ ತಪ್ಪು ನನ್ನದೇ.

ಹಾಗಾಗಿ ಪೈಲ್ವಾನರ ವೃತ್ತಿಕಥನವನ್ನು ದಾಖಲಿಸುವವರು ಮೈಕಿನವರನ್ನೂ ಅದೇ ಗಂಭೀರತೆಯಿಂದ ಸಂದರ್ಶಿಸಬೇಕು ಎಂಬುದು ನನ್ನ ಅಭಿಪ್ರಾಯ. ಕನ್ನಡದ ಕ್ರೀಡಾ ವೀಕ್ಷಕ ವಿವರಣೆ ಎಂದೊಡನೆ ನಮಗೆ ಆಕಾಶವಾಣಿ ನೆನಪಾಗುತ್ತದೆ, ಈಚೆಗೆ ಟಿವಿಯ ಕ್ರಿಕೆಟ್ ನೆನಪಾಗುತ್ತದೆ. ಜಾತ್ರೆಯಿಂದ ಜಾತ್ರೆಗೆ ತಿರುಗಿ, ಬಿಸಿಲಲ್ಲಿ ನಿಂತು, ನೂರಾರು ಪೈಲ್ವಾನರ ಊರು, ವಸ್ತಾದ, ಹಳೆಯ ಜೋಡಿಗಳನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡವರನ್ನು ನಾವು ಪ್ರಸಾರಕರ ಸಾಲಿಗೆ ಸೇರಿಸಿಯೇ ಇಲ್ಲ. ಈ ಅನ್ಯಾಯ ಸರಿಯಾಗಬೇಕು. ಪೈಲ್ವಾನ ಮತ್ತು ಮೈಕಿನವರನ್ನು ಒಟ್ಟಿಗೆ ಕೂರಿಸಿ ಒಂದೇ ಕುಸ್ತಿಯನ್ನು ಕೇಳಿದರೆ ನನ್ನ ಊಹೆ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ. ಪೈಲ್ವಾನರು ಬಾಯಿಬಿಡದ ಸೋಲಿನ ಕಥೆಗಳೂ ಅಲ್ಲಿ ಸಿಕ್ಕಾವು.

ಇತ್ಯರ್ಥವಾಗದ ಪ್ರಶ್ನೆಗಳು ಉಳಿದಿವೆ. ಧ್ವನಿವರ್ಧಕ ಬರುವ ಮುಂಚೆ, ಹಲಗಿಯೊಂದೇ ಇದ್ದ ಕಾಲದಲ್ಲಿ ಕಣಕ್ಕಿಳಿದವರು ಹೇಗೆ ಹೇಳುತ್ತಿದ್ದರು? ಅವರೂ ‘ನಾ’ ಬಿಟ್ಟು ಊರಿನ ಹೆಸರು ಹಿಡಿಯುತ್ತಿದ್ದರೆ ನನ್ನ ವಾದದ ಬೇರು ಸಡಿಲವಾಗುತ್ತದೆ, ಲಾವಣಿಯ ಪಕ್ಷ ಗೆಲ್ಲುತ್ತದೆ. ಗಡಿಭಾಗದಲ್ಲಿ ಮರಾಠಿ ಮೈಕು ಕೇಳಿ ಬೆಳೆದ ಕನ್ನಡ ಪೈಲ್ವಾನರು ಚಿತ್ ಆಗುವ ಕ್ಷಣವನ್ನು ಯಾವ ಭಾಷೆಯಲ್ಲಿ ನೆನೆಯುತ್ತಾರೆ ಎಂಬುದನ್ನೂ ಯಾರಾದರೂ ಕೇಳಿ ನೋಡಬೇಕು.

ಓದುಗರಲ್ಲಿ ಒಂದು ವಿನಂತಿ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಯಾರ ಮನೆಯ ಟ್ರಂಕಿನಲ್ಲಿ ಹಳೆಯ ಕುಸ್ತಿ ಹಸ್ತಪತ್ರಿಕೆಗಳಿದ್ದರೂ, ಮೈದಾನದ ಸದ್ದು ತುಂಬಿಕೊಂಡ ಕ್ಯಾಸೆಟ್‌ಗಳಿದ್ದರೂ ರದ್ದಿಗೆ ಹಾಕಬೇಡಿ. ಹಾಳೆಯ ಹಿಂಬದಿಯಲ್ಲಿ ಯಾವ ಊರಿನ ಜಾತ್ರೆ, ಯಾರ ಮನೆಯದು, ಮೈಕು ಹಿಡಿದವರು ಯಾರು ಎಂದು ಪೆನ್ಸಿಲಿನಲ್ಲಿ ಬರೆದಿಡಿ.