ಸರೋವರದ ಎಣ್ಣೆ, ಅಣುಗಳ ಸಾಕ್ಷ್ಯ

ಪೆಟ್ರೋಲಿಯಂ ಸಮುದ್ರದ ಕೂಸು ಎಂಬ ನಂಬಿಕೆ ಭೂವಿಜ್ಞಾನಿಗಳಲ್ಲಿ ಬಹುಕಾಲ ಬೇರೂರಿತ್ತು. 1941ರಲ್ಲಿ ಚೀನಾದ ಪಾನ್ ಝೋಂಗ್‌ಶಿಯಾಂಗ್ ಇದನ್ನು ಪ್ರಶ್ನಿಸಿದರು. ತಮ್ಮ ದೇಶದ ಕೆಲವು ಎಣ್ಣೆಗಳಿಗೆ ಸಮುದ್ರದ ಸಂಬಂಧವೇ ಇಲ್ಲ, ಅವು ನೆಲದ ಮೇಲಿನ ನೀರಿನಲ್ಲಿ ಕೂಡಿದ ಪದರಗಳಿಂದ ಬಂದವು ಎಂಬುದು ಅವರ ವಾದ. 1959ರಲ್ಲಿ ಸೋಂಗ್ಲಿಯಾವ್ ಜಲಾನಯನದಲ್ಲಿ ದಾಚಿಂಗ್ ತೈಲಕ್ಷೇತ್ರ ಸಿಕ್ಕಿತು. ಅದರ ಎಣ್ಣೆಗೆ ಕ್ರಿಟೇಶಿಯಸ್ ಯುಗದ ಮಹಾಸರೋವರವೊಂದರ ಕೆಸರೇ ಮೂಲವೆಂದು ತಿಳಿದಮೇಲೆ ಸರೋವರದಲ್ಲಿ ಎಣ್ಣೆ ಹುಟ್ಟೀತೇ ಎಂಬ ಅನುಮಾನ ಉಳಿಯಲಿಲ್ಲ. ಅಂಥ ಎಣ್ಣೆಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಮುಂದೆ ಬಂತು. ಎಣ್ಣೆ ತಾನು ಹುಟ್ಟಿದ ಶಿಲೆಯಲ್ಲೇ ನಿಲ್ಲುವುದಿಲ್ಲ. ಹರಿದು ಬೇರೆ ಮರಳುಗಲ್ಲಿನಲ್ಲಿ ಸೇರಿಕೊಳ್ಳುತ್ತದೆ. ಚಿಪ್ಪು, ಎಲೆ, ಮೂಳೆಗಳು ಅದರ ಜೊತೆ ಹೋಗಲಾರವು. ಹೋಗುವುದು ಅಣುಗಳು ಮಾತ್ರ.

ಆ ಅಣುಗಳಿಗೆ ನೆನಪಿದೆ ಎಂದು ಮೊದಲು ತೋರಿಸಿದವರು ಮ್ಯೂನಿಕ್‌ನ ರಸಾಯನವಿಜ್ಞಾನಿ ಆಲ್‌ಫ್ರೆಡ್ ಟ್ರೈಬ್ಸ್. 1930ರ ದಶಕದ ಮಧ್ಯದಲ್ಲಿ ಅವರು ಎಣ್ಣೆಯಲ್ಲೂ ಶೇಲ್ ಶಿಲೆಗಳಲ್ಲೂ ಉಂಗುರಾಕಾರದ ಅಣುಗಳಾದ ಪಾರ್ಫಿರಿನ್‌ಗಳನ್ನು ಗುರುತಿಸಿದರು. ನಡುವಿನ ಮೆಗ್ನೀಷಿಯಂ ಹೋಗಿ ವೆನೇಡಿಯಂ ಬಂದಿದ್ದರೂ ಉಂಗುರದ ಕಟ್ಟು ಪತ್ರಹರಿತ್ತಿನದೇ ಆಗಿತ್ತು. ಎಣ್ಣೆ ಜೀವಮೂಲದ್ದು ಎಂಬುದಕ್ಕೆ ಇದು ಬಲವಾದ ಪುರಾವೆ. ಆದರೆ ಪತ್ರಹರಿತ್ತು ಕಡಲಿನಲ್ಲೂ ಇದೆ, ಕೆರೆಯಲ್ಲೂ ಇದೆ. ಎಣ್ಣೆಯ ಊರು ಯಾವುದೆಂದು ಪಾರ್ಫಿರಿನ್ ಹೇಳಲಾರದು.

ಸರೋವರದ ಅಣುಗಳಿಗೆ ಪಾಠಶಾಲೆಯಾದದ್ದು ಅಮೆರಿಕದ ವಯೋಮಿಂಗ್, ಯೂಟಾ, ಕೊಲೊರಾಡೊಗಳಲ್ಲಿ ಹರಡಿರುವ ಗ್ರೀನ್ ರಿವರ್ ಶಿಲಾಸ್ತರ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಸರೋವರಗಳು ಕೆಲವೊಮ್ಮೆ ಸಿಹಿನೀರಿನಿಂದ ತುಂಬಿ ತುಳುಕಿದವು, ಕೆಲವೊಮ್ಮೆ ಬತ್ತಿ ಸೋಡಾ ಲವಣಗಳನ್ನು ತಳಕ್ಕೆ ಬಿಟ್ಟವು. ಅಲ್ಲಿನ ಎಣ್ಣೆಶೇಲ್ ಹೆಚ್ಚು ಕಾವು ಕಾಣದ ಕಾರಣ ಅಣುಗಳು ಚೆನ್ನಾಗಿ ಉಳಿದಿದ್ದವು. ಗ್ಯಾಸ್ ಕ್ರೊಮ್ಯಾಟೊಗ್ರಫಿ ಪ್ರಯೋಗಾಲಯಗಳಲ್ಲಿ ರೂಢಿಯಾದ 1960ರ ದಶಕದಲ್ಲಿ ಈ ಶೇಲ್‌ನಿಂದ ಒಂದರ ಹಿಂದೊಂದು ಅಣು ಹೊರಬಂತು: 1964ರಲ್ಲಿ ಕವಲೊಡೆದ ಐಸೊಪ್ರೆನಾಯ್ಡ್‌ಗಳು, 1966ರಲ್ಲಿ ಗ್ಯಾಮಸಿರೇನ್, 1967ರಲ್ಲಿ ಕ್ಯಾರಟೀನ್ ವರ್ಣಕದ ಪಳೆಯುಳಿಕೆಯಾದ ಬೀಟಾ-ಕ್ಯಾರಟೇನ್.

1970ರ ದಶಕದಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೊತೆಗೂಡಿತು. ಸ್ಟ್ರಾಸ್‌ಬರ್ಗ್‌ನಲ್ಲಿ ಗೀ ಊರಿಸೋನ್, ಪಿಯರ್ ಆಲ್‌ಬ್ರೆಶ್ಟ್ ಮತ್ತು ಮಿಶೆಲ್ ರೋಮರ್ ಅವರು ಎಣ್ಣೆಯ ಅಣುಗಳಾದ ಹೋಪೇನ್‌ಗಳ ಮೂಲ ಬ್ಯಾಕ್ಟೀರಿಯಾ ಪೊರೆಗಳಲ್ಲಿದೆ ಎಂದು ತೋರಿಸಿದರು. ಶೆವ್ರಾನ್ ಕಂಪನಿಯ ವೂಲ್ಫ್‌ಗಾಂಗ್ ಸೀಫರ್ಟ್ ಮತ್ತು ಮೈಕೆಲ್ ಮೊಲ್ಡೊವನ್ ಇಂಥ ಅಣುಗಳ ಪ್ರಮಾಣ ಹೋಲಿಸಿ, ಯಾವ ಎಣ್ಣೆ ಯಾವ ಶಿಲೆಯದೆಂದು ಹೇಳುವ ವಿಧಾನ ಕಟ್ಟಿದರು. 1980ರಲ್ಲಿ ಇವರಿಬ್ಬರೇ ಸುಮಾತ್ರಾದ ಮೀನಾಸ್ ಎಣ್ಣೆಯಲ್ಲಿ ಬೊಟ್ರಿಯೊಕಾಕೇನ್ ಎಂಬ 34 ಇಂಗಾಲಗಳ ಅಣುವನ್ನು ಕಂಡರು. ಸಿಹಿನೀರು, ಚೌಳುನೀರುಗಳಲ್ಲಿ ಬೆಳೆಯುವ ಬೊಟ್ರಿಯೊಕಾಕಸ್ ಬ್ರೌನಿ ಪಾಚಿಯ ಗುರುತು ಅದು. ಒಂದು ಅಣು, ಒಂದು ಜೀವಿ, ಒಂದು ಸರೋವರ: ಲೆಕ್ಕ ಇಷ್ಟು ಸರಳವೆಂದು ಆಗ ತೋರಿತು.

ಸರಳತೆ ಬಹಳ ದಿನ ಬಾಳಲಿಲ್ಲ. ಬೊಟ್ರಿಯೊಕಾಕಸ್‌ನಲ್ಲೇ ಹಲವು ತಳಿಗಳಿವೆ; ಬೊಟ್ರಿಯೊಕಾಕೇನ್‌ನ ಮೂಲವಸ್ತು ತಯಾರಿಸುವುದು ಅವುಗಳಲ್ಲಿ ಒಂದೇ. ಇನ್ನೊಂದು ತಳಿಯ ಗೋಡೆಯಲ್ಲಿರುವ ಗಟ್ಟಿ ಪಾಲಿಮರ್ ಕಾವಿಗೆ ಒಡೆದಾಗ ಉದ್ದ ಸರಪಣಿಯ ಸಾಮಾನ್ಯ ಮೇಣಗಳನ್ನು ಮಾತ್ರ ಕೊಡುತ್ತದೆ. ಅಣು ಇದ್ದರೆ ಪಾಚಿ ಇತ್ತು ಎನ್ನಬಹುದು. ಅಣು ಇಲ್ಲದಿದ್ದರೆ ಪಾಚಿಯೂ ಇರಲಿಲ್ಲ ಎನ್ನುವಂತಿಲ್ಲ. ಐಸೊಪ್ರೆನಾಯ್ಡ್ ಗುಂಪಿನ ಪ್ರಿಸ್ಟೇನ್ ಮತ್ತು ಫೈಟೇನ್‌ಗಳ ಅನುಪಾತದ್ದೂ ಇದೇ ಕಥೆ. ತಳದಲ್ಲಿ ಆಮ್ಲಜನಕ ಇತ್ತೇ ಎಂದು ತಿಳಿಯಲು ಅದನ್ನು ಬಳಸುತ್ತಿದ್ದರು. ಆದರೆ ಉಪ್ಪುನೀರಿನ ಆರ್ಕಿಯಾ ಸೂಕ್ಷ್ಮಜೀವಿಗಳೂ ಫೈಟೇನ್ ಕೊಡಬಲ್ಲವು ಎಂದು ಗೊತ್ತಾದಮೇಲೆ ಆ ಅಳತೆಗೋಲಿನ ಬೆಲೆ ಇಳಿಯಿತು.

ಈ ಅಧ್ಯಯನದ ಬೆಳವಣಿಗೆಯೆಲ್ಲ ಗ್ಯಾಮಸಿರೇನ್ ಎಂಬ ಒಂದೇ ಅಣುವಿನ ಕಥೆಯಲ್ಲಿ ಕಾಣುತ್ತದೆ. ಗ್ರೀನ್ ರಿವರ್ ಆಗಲಿ ಚೀನಾದ ಜಿಯಾಂಗ್‌ಹಾನ್ ಜಲಾನಯನವಾಗಲಿ, ಅದು ಹೇರಳವಾಗಿ ಸಿಕ್ಕಿದ್ದು ಉಪ್ಪುಸರೋವರಗಳಲ್ಲಿ. ಹಾಗಾಗಿ ಅದು ಉಪ್ಪಿನ ಗುರುತು ಎಂದೇ ಹೆಸರಾಯಿತು. ಅದರ ಮೂಲವಸ್ತು ಟೆಟ್ರಾಹೈಮನಾಲ್ ಮೊದಲು ದೊರೆತದ್ದು ಟೆಟ್ರಾಹೈಮಿನಾ ಎಂಬ ರೋಮಯುತ ಏಕಕೋಶಜೀವಿಯಲ್ಲಿ. ಆಹಾರದಲ್ಲಿ ಸ್ಟೆರಾಲ್ ಸಿಗದಾಗ ಈ ಜೀವಿ ತನ್ನ ಪೊರೆಗೆ ಟೆಟ್ರಾಹೈಮನಾಲ್ ಮಾಡಿಕೊಳ್ಳುತ್ತದೆ. ಸ್ಟೆರಾಲ್ ಇಲ್ಲದ ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುವ ಇಂಥ ಜೀವಿಗಳಿಗೆ ಪದರಗಟ್ಟಿದ ನೀರಿನಲ್ಲಿ ಆಮ್ಲಜನಕ ಮುಗಿಯುವ ಗಡಿ ಒಳ್ಳೆಯ ನೆಲೆ. 1995ರಲ್ಲಿ ನೆದರ್ಲೆಂಡ್ಸ್‌ನ ಯಾಪ್ ಸಿನಿಂಗ ಡಾಮ್‌ಸ್ಟೆ ಮತ್ತು ಸಂಗಡಿಗರು ಇದರ ಆಧಾರದ ಮೇಲೆ ವಾದ ಮಂಡಿಸಿದರು: ಗ್ಯಾಮಸಿರೇನ್ ಸೂಚಿಸುವುದು ಉಪ್ಪನ್ನಲ್ಲ, ಮೇಲುನೀರು ಕೆಳನೀರು ಬೆರೆಯದೆ ನಿಂತ ಸ್ಥಿತಿಯನ್ನು. ಉಪ್ಪು ಅದಕ್ಕೊಂದು ಕಾರಣ. ಉಷ್ಣತೆಯ ವ್ಯತ್ಯಾಸವೂ ಕಾರಣವಾಗಬಹುದು, ಅದು ಕಡಲಲ್ಲೂ ನಡೆಯಬಹುದು. ಕೆಲವು ಬ್ಯಾಕ್ಟೀರಿಯಾಗಳೂ ಬೇರೆ ದಾರಿಯಿಂದ ಟೆಟ್ರಾಹೈಮನಾಲ್ ತಯಾರಿಸುತ್ತವೆ ಎಂದು 2015ರಲ್ಲಿ ಗೊತ್ತಾಯಿತು.

ಒಂದು ಅಣುವಿನ ಗೈರುಹಾಜರಿಯೂ ಸಾಕ್ಷ್ಯವಾಯಿತು. 24-ಎನ್-ಪ್ರೊಪೈಲ್‌ಕೊಲೆಸ್ಟೇನ್ ಕಡಲ ಪಾಚಿಗಳ ಸ್ಟೆರಾಲ್‌ನಿಂದ ಬಂದದ್ದು. ಅದು ಇಲ್ಲದ ಎಣ್ಣೆ ಸರೋವರದ್ದೆಂದು ಊಹಿಸುವ ರೂಢಿ ಬೆಳೆಯಿತು. ಆದರೆ 2000ದಲ್ಲಿ ಸೋಂಗ್ಲಿಯಾವ್ ಶಿಲೆಗಳಲ್ಲೇ ಈ ಅಣು ವರದಿಯಾಗಿ, ಆ ಮಹಾಸರೋವರಕ್ಕೆ ಆಗಾಗ ಸಮುದ್ರ ನುಗ್ಗಿತ್ತೇ ಎಂಬ ಚರ್ಚೆ ಎದ್ದಿತು. ಸರೋವರದ ಎಣ್ಣೆಗೆ ಮಾದರಿಯೆನಿಸಿದ್ದ ನೆಲದಲ್ಲೇ ಗಡಿರೇಖೆ ಮಸುಕಾಯಿತು.

ಹೀಗಾಗಿ ಇಂದು ಯಾರೂ ಒಂದೇ ಅಣುವಿನ ಮಾತು ನಂಬುವುದಿಲ್ಲ. ಟ್ರೈಸೈಕ್ಲಿಕ್ ಟರ್ಪೇನ್, ಮೀಥೈಲ್ ಸ್ಟೆರೇನ್, ಹೋಪೇನ್‌ಗಳ ಅನುಪಾತಗಳನ್ನು ಒಟ್ಟಿಗಿಟ್ಟು ನೋಡುತ್ತಾರೆ. ಒಂದೊಂದು ಅಣುವಿನ ಇಂಗಾಲದ ಐಸೊಟೋಪ್ ಅಳೆಯುವ ತಂತ್ರ ಇನ್ನೊಂದು ಬಾಗಿಲು ತೆರೆಯಿತು. 1990ರಲ್ಲಿ ಜರ್ಮನಿಯ ಮೆಸೆಲ್ ಸರೋವರಶಿಲೆಯಲ್ಲಿ ಅತಿ ಹಗುರ ಇಂಗಾಲದ ಅಣುಗಳು ಸಿಕ್ಕಿ, ಅಲ್ಲಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳಿದ್ದುದು ಕಂಡಿತು. ಸುಮಾರು ಒಂದು ದಶಕದ ಬಳಿಕ ಆಲನ್ ಕ್ಯಾರಲ್ ಮತ್ತು ಕೆವಿನ್ ಬೊಹಾಕ್ಸ್ ಸರೋವರಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ತುಂಬಿ ಹರಿಯುವುದು, ಆಗಾಗ ತುಂಬುವುದು, ಸದಾ ತುಂಬದೆ ಉಳಿಯುವುದು. ನೆಲ ಕುಸಿಯುವ ವೇಗ ಮತ್ತು ನೀರು–ಹೂಳು ಬರುವ ವೇಗ, ಇವುಗಳ ಲೆಕ್ಕದ ಮೇಲೆ ಈ ವಿಂಗಡಣೆ ನಿಂತಿದೆ. ಅಣುಗಳಿಗೆ ಆಗ ಭೂವಿಜ್ಞಾನದ ಚೌಕಟ್ಟು ದೊರೆಯಿತು.

ಭಾರತಕ್ಕೂ ಇದು ದೂರದ ವಿಷಯವಲ್ಲ. 2004ರಲ್ಲಿ ರಾಜಸ್ಥಾನದ ಬಾರ್ಮೇರ್‌ನಲ್ಲಿ ಪತ್ತೆಯಾದ ಮಂಗಲಾ ಕ್ಷೇತ್ರದ ಎಣ್ಣೆಗೆ ಪುರಾತನ ಸರೋವರದ ಶೇಲ್ ಮೂಲ. ಮೇಣ ಎಷ್ಟಿದೆಯೆಂದರೆ ಎಣ್ಣೆ ಹೆಪ್ಪುಗಟ್ಟದಂತೆ ಗುಜರಾತ್ ಕರಾವಳಿಯವರೆಗೂ ಕೊಳವೆಯನ್ನು ಬಿಸಿಯಾಗಿಟ್ಟಿರಬೇಕು.

ಬಾವಿ ತೋಡುವವರಿಗೆ ಬೇಕಾದದ್ದು ಪಾಚಿಯ ಹೆಸರಿಗಿಂತ ಹೆಚ್ಚಿನದು: ನೀರು ಎಲ್ಲಿ ಆಳವಿತ್ತು, ಎಲ್ಲಿ ಬೆರೆಯದೆ ನಿಂತಿತ್ತು, ಆ ಕೆಸರು ಜಲಾನಯನದ ಯಾವ ಮೂಲೆಯಲ್ಲಿ ದಪ್ಪವಾಗಿ ಕೂತಿತು. ಅಣುವಿನಿಂದ ಜೀವಿಯ ಹೆಸರು ಕೇಳುತ್ತಿದ್ದ ವಿಜ್ಞಾನ ಈಗ ನೀರಿನ ಸ್ಥಿತಿ ಕೇಳುತ್ತಿದೆ. ಕಾವು ಏರಿದಷ್ಟೂ ಅಣುಗಳು ಒಡೆಯುತ್ತವೆ, ಎರಡು ಶಿಲೆಗಳ ಎಣ್ಣೆ ಬೆರೆತರೆ ಸುಳಿವೂ ಬೆರೆಯುತ್ತದೆ. ಆದ್ದರಿಂದ ಅಣುವಿನ ಉತ್ತರವನ್ನು ಶಿಲೆಯ ಪದರಗಳ ಎದುರಿಟ್ಟು ಒರೆಹಚ್ಚದೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ.