ಅಳಿವಿನ ಭೀತಿಯಲ್ಲಿರುವ ಮರಗಳು: ಶ್ರೀಗಂಧದ ಸ್ಥಿತಿ

ಜತ್ತ ತಾಲೂಕಿನ ನಮ್ಮ ಹೊಲಗಳ ಬದುವಿನಲ್ಲಿ ಬೇವು, ಜಾಲಿ, ಬನ್ನಿ ಇಂದಿಗೂ ಕಾಣುವುದರಿಂದ ಮರಗಳಿಗೆ ಅಪಾಯವಿಲ್ಲವೆಂದು ನಾವು ಭಾವಿಸುತ್ತೇವೆ. ಜಗತ್ತಿನ ಲೆಕ್ಕ ಬೇರೆಯೇ ಇದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು (ಐಯುಸಿಎನ್) 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಕೆಂಪು ಪಟ್ಟಿಯಂತೆ, ಪರಿಶೀಲನೆಗೊಳಗಾದ 47,282 ಮರ ಪ್ರಭೇದಗಳಲ್ಲಿ 16,425 ಅಳಿವಿನ ಭೀತಿಯಲ್ಲಿವೆ. ಕೃಷಿಗಾಗಿ ಕಾಡು ಕಡಿಯುವುದು, ಮರ ಸಾಗಣೆ, ಕೀಟ ಹಾಗೂ ರೋಗಗಳು ಇದರ ಮುಖ್ಯ ಕಾರಣಗಳು.

ಈ ಪಟ್ಟಿಯು ಭೀತಿಯನ್ನು ಮೂರು ಹಂತಗಳಲ್ಲಿ ಗುರುತಿಸುತ್ತದೆ: ಅಪಾಯಕ್ಕೀಡಾಗಬಲ್ಲವು, ಅಪಾಯಕ್ಕೊಳಗಾದವು, ತೀವ್ರ ಅಪಾಯಕ್ಕೊಳಗಾದವು. ಕನ್ನಡಿಗರ ಹೆಮ್ಮೆಯ ಶ್ರೀಗಂಧ ಮೊದಲ ಹಂತದಲ್ಲಿದೆ, ರಕ್ತಚಂದನ ಎರಡನೆಯದರಲ್ಲಿದೆ. ಗಂಧದ ಪರಿಮಳವು ಕಾಂಡದ ಚೇಗಿನಲ್ಲಿಯೂ ಬೇರಿನಲ್ಲಿಯೂ ಇರುವುದರಿಂದ ಕಳ್ಳರು ಮರವನ್ನು ಬುಡಸಹಿತ ಕೀಳುತ್ತಾರೆ. ಬಲಿತ ಮರಗಳೇ ಇಲ್ಲವಾದಲ್ಲಿ ಬೀಜವೂ ಸಸಿಯೂ ವಿರಳವಾಗುತ್ತವೆ. ಇದಕ್ಕೆ ಸ್ಪೈಕ್ ರೋಗದ ಹಾನಿಯೂ ಸೇರಿದೆ.

ಶ್ರೀಗಂಧ ಅರೆಪರಾವಲಂಬಿ ಮರ; ನೆರೆಯ ಗಿಡದ ಬೇರಿನಿಂದ ನೀರು, ಪೋಷಕಾಂಶ ಹೀರಿ ಬೆಳೆಯುತ್ತದೆ. ಆದುದರಿಂದ ಶಾಲೆಯ ಅಂಗಳದಲ್ಲಾಗಲಿ ಹೊಲದಲ್ಲಾಗಲಿ ಒಂಟಿಯಾಗಿ ನೆಟ್ಟ ಗಂಧದ ಸಸಿ ಚೆನ್ನಾಗಿ ಬೆಳೆಯದು. ಪಕ್ಕದಲ್ಲಿ ಮೊದಲು ತೊಗರಿ, ಮುಂದೆ ಬಹುಕಾಲ ಬಾಳುವ ಆಸರೆಯ ಮರವೊಂದನ್ನು ಬೆಳೆಸಿದರೆ ನಮ್ಮ ಮಕ್ಕಳು ನೆಟ್ಟ ಸಸಿ ಮರವಾದೀತು.